ಹೆರಳು ಹೆಣೆದ ನದಿಗಳು

ಭೂಗೋಲದ ಪಾಠದಲ್ಲಿ ನದಿಗಳ ಪ್ರಕರಣ ಬಂದಾಗಲೆಲ್ಲ ನಮ್ಮ ಹುಡುಗಿಯರಿಗೆ ಒಂದು ಶಬ್ದವು ಬಹಳ ಮೆಚ್ಚಿಕೆಯಾಗುವದು. ನೇರವಾಗಿ ಹರಿಯುವ ನದಿ, ಹಾವಿನಂತೆ ಡೊಂಕುಡೊಂಕಾಗಿ ಹರಿಯುವ ನದಿ ಎಂಬ ಎರಡು ಭೇದಗಳನ್ನು ಹೇಳಿ ಮುಗಿಸಿ, ಮೂರನೆಯದು ಹೆಣೆದ ನದಿ ಎಂದೊಡನೆ ಅವರ ಕೈ ತಂತಾನೆ ತಮ್ಮ ಹೆರಳಿನ ಕಡೆಗೆ ಹೋಗುವದು. ತೆಂಕಣ ಸೀಮೆಯವರು ಜಡೆ ಎನ್ನುವದಕ್ಕೆ ನಮ್ಮ ಧಾರವಾಡದ ಕಡೆಯಲ್ಲಿ ಹೆರಳು ಎನ್ನುವರಷ್ಟೆ. ಅದರ ಬೆನ್ನಿಗೇ ಪ್ರತಿವರ್ಷವೂ ತಪ್ಪದೆ ಒಂದು ಪ್ರಶ್ನೆ ಬರುವದು: "ಅಂಥ ಹೊಳಿ ನಮ್ಮ ಕಡೆ ಎಲ್ಲೈತ್ರಿ, ಅಕ್ಕೋರ?" ಈ ಪ್ರಶ್ನೆಗೆ ಒಂದು ಮಾತಿನ ಉತ್ತರವಿಲ್ಲ. ಮೂವತ್ತೈದು ನಿಮಿಷದ ತರಗತಿಯಲ್ಲಿ ಹೇಳಿ ತೀರುವಂಥ ಉತ್ತರವೂ ಅಲ್ಲ. ಆದ್ದರಿಂದ ಈ ಸ್ಮರಣ ಸಂಚಿಕೆಯಲ್ಲಿ ದೊರೆತ ಕೆಲವು ಪುಟಗಳನ್ನು ಅದಕ್ಕಾಗಿಯೇ ಉಪಯೋಗಿಸಿಕೊಳ್ಳಬೇಕೆಂದು ನಾವು ನಿಶ್ಚಯಿಸಿದೆವು. ಒಂದು ಕಾಲಕ್ಕೆ ಈ ಪ್ರಶ್ನೆಯನ್ನು ಕೇಳಿ ಹೋದ ನಮ್ಮ ಮಾಜಿ ವಿದ್ಯಾರ್ಥಿನಿಯರೂ, ಈಗ ಕೇಳುತ್ತಿರುವ ಹುಡುಗಿಯರ ಪಾಲಕರೂ ಇದನ್ನು ಅವಧಾನದಿಂದ ಓದುವರೆಂದು ನಂಬುತ್ತೇವೆ.

ಮೊದಲು ಹೆಸರಿನ ವಿಷಯ. ಹೆರಳಿಗೂ ಹೆಣೆದ ನದಿಗೂ ಹೋಲಿಕೆಯುಂಟು, ಆದರೆ ಪೂರ್ತಿಯಾಗಿಲ್ಲ. ತಾಯಿ ಮಗಳಿಗೆ ಹಾಕುವ ಹೆರಳಿನಲ್ಲಿ ಎಳೆಗಳು ಮೂರೇ. ಅವು ಒಂದರ ಮೇಲೊಂದು ದಾಟಿ ಕಡೆಯವರೆಗೂ ಬೇರೆ ಬೇರೆಯಾಗಿಯೇ ಉಳಿಯುವವು. ಮುಂಜಾನೆ ಹಾಕಿದ್ದು ಸಂಜೆಯ ತನಕ ಇರುವದು. ನದಿಯ ಹೆರಳಿನಲ್ಲಿ ಎಳೆಗಳಿಗೆ ಲೆಕ್ಕವಿಲ್ಲ. ಒಂದು ಎಳೆ ಎರಡಾಗುವದು, ಎರಡು ಕೂಡಿ ಒಂದಾಗುವದು, ಮತ್ತೆ ಮೂರಾಗಿ ಒಡೆಯುವದು. ನಡುನಡುವೆ ಉಸುಕಿನ ಅಥವಾ ಹರಳುಕಲ್ಲಿನ ದಿಬ್ಬಗಳು ಬಿದ್ದಿರುವವು. ಒಂದು ಮಹಾಪೂರ ಬಂದಿತೆಂದರೆ ಎಲ್ಲ ಎಳೆಗಳೂ ಎಲ್ಲ ದಿಬ್ಬಗಳೂ ನೀರಿನ ಒಂದೇ ಹಾಳೆಯ ಕೆಳಗೆ ಮುಳುಗಿ, ಪೂರ ಇಳಿದ ಮೇಲೆ ನೋಡಿದರೆ ಹಳೆಯ ಎಳೆ ಹಳೆಯ ಸ್ಥಳದಲ್ಲಿರುವದಿಲ್ಲ. ನದಿಯು ತನ್ನ ಹೆರಳನ್ನು ತಾನೇ ಬಿಚ್ಚಿ ತಾನೇ ಹಾಕಿಕೊಳ್ಳುವದು.

ಇದು ಹೇಗೆ ಆಗುವದೆಂಬುದನ್ನು ನೋಡಲು ದೂರ ಹೋಗಬೇಕಾಗಿಲ್ಲ. ನಮ್ಮ ಪಾಲಕರಲ್ಲಿ ಹಲವರು ದಿನಾಲು ಕೆಲಸಕ್ಕೆ ಹೋಗುವ ಬೇಲೂರು ಕೈಗಾರಿಕಾ ಪ್ರದೇಶದಲ್ಲಿಯೇ ಅದನ್ನು ನೋಡಬಹುದು. (ಹಾಸನದ ಶಿಲ್ಪದ ಬೇಲೂರಲ್ಲ, ಧಾರವಾಡದಿಂದ ಬೆಳಗಾವಿಯ ಕಡೆಗೆ ಹೋಗುವ ಹೆದ್ದಾರಿಯ ಮೇಲಿನ ನಮ್ಮ ಬೇಲೂರು.) ಅಲ್ಲಿ ಯಾವಾಗಲೂ ಒಂದಿಲ್ಲೊಂದು ಕಟ್ಟಡ ಏಳುತ್ತಿರುವದು, ಕಟ್ಟಡದ ಮುಂದೆ ಉಸುಕಿನ ರಾಶಿ ಬಿದ್ದಿರುವದು. ಮುಂಗಾರಿನ ಮೊದಲ ದೊಡ್ಡ ಮಳೆ ಬಿದ್ದ ಮರುದಿನ ನಾವು ಎಂಟನೆಯ ಇಯತ್ತೆಯ ಹುಡುಗಿಯರನ್ನು ಅಂಥದೊಂದು ರಾಶಿಯ ಬಳಿಗೆ ಕರೆದುಕೊಂಡು ಹೋಗಿದ್ದೆವು. ತಗಡಿನ ಮಾಡಿನಿಂದ ಸುರಿದ ನೀರು ರಾಶಿಯ ಬುಡವನ್ನು ಕೊರೆದು, ಇಳಿಜಾರಾದ ಗರಸಿನ ನೆಲದ ಮೇಲೆ ಉಸುಕನ್ನು ಒಯ್ದು ಹಾಸಿತ್ತು. ಹತ್ತು ಹೆಜ್ಜೆ ಉದ್ದ, ಎರಡು ಹೆಜ್ಜೆ ಅಗಲದ ಆ ಹಾಸಿನಲ್ಲಿ ಬೆರಳಗಲದ ಎಂಟೊಂಬತ್ತು ಕಾಲುವೆಗಳು ಒಡೆದು ಕೂಡಿ, ಒಡೆದು ಕೂಡಿ ಹೋಗಿದ್ದವು. ಬ್ರಹ್ಮಪುತ್ರದ ಚಿತ್ರವನ್ನೂ ಅದನ್ನೂ ಬದಿಬದಿಯಲ್ಲಿಟ್ಟರೆ ಅಳತೆಯ ಹೊರತು ಬೇರೆ ಭೇದ ಹೇಳುವದು ಕಠಿಣ.

ಅಲ್ಲಿ ನಡೆದದ್ದು ಇಷ್ಟೇ. ಹರಿಯುವ ನೀರಿಗೆ ಹೊರುವ ಶಕ್ತಿಯುಂಟು. ವೇಗ ಹೆಚ್ಚಿದಷ್ಟು ಹೊರೆ ಹೆಚ್ಚು, ವೇಗ ತಗ್ಗಿದೊಡನೆ ಹೊರೆ ಕೆಳಗೆ. ನುಣ್ಣಗಿನ ಮಣ್ಣು ನೀರಿನಲ್ಲಿ ಕದಡಿಕೊಂಡು ತೇಲಿ ದೂರ ಹೋಗುವದು. ಉಸುಕೂ ಹರಳೂ ಹಾಗಲ್ಲ. ಅವು ತಳದಲ್ಲಿಯೇ ಉರುಳುತ್ತ, ಹಾರುತ್ತ, ತೆವಳುತ್ತ ಸಾಗುವಂಥವು. ಮಳೆ ನಿಂತು ಪೂರ ಇಳಿಯಹತ್ತಿದಾಗ, ಇವುಗಳಲ್ಲಿ ದಪ್ಪವಾದವು ಪ್ರವಾಹದ ನಡುವೆಯೇ ಮೊದಲು ಕುಳಿತುಬಿಡುವವು. ಕುಳಿತದ್ದಕ್ಕೆ ಹಿಂದಿನಿಂದ ಬಂದದ್ದು ತಡೆದು ನಿಲ್ಲುವದು. ಹೀಗೆ ನಡುವೆ ಒಂದು ದಿಬ್ಬವಾಗುವದು. ನೀರು ದಿಬ್ಬದ ಎಡಕ್ಕೂ ಬಲಕ್ಕೂ ಸರಿದು ಎರಡೂ ದಂಡೆಗಳನ್ನು ಕೊರೆಯುವದು. ಕೊರೆದ ಉಸುಕು ಕೆಳಗೆ ಹೋಗಿ ಇನ್ನೊಂದು ದಿಬ್ಬಕ್ಕೆ ಸಾಮಗ್ರಿಯಾಗುವದು. ನದಿ ಅಗಲವಾಗುವದು, ಆಳ ಕಡಿಮೆಯಾಗುವದು, ಎಳೆಗಳು ಹೆಚ್ಚಾಗುವವು.

ಆದುದರಿಂದ ನದಿಯು ಹೆರಳು ಹಾಕಿಕೊಳ್ಳಬೇಕಾದರೆ ಹೊರೆಯಾಗಿ ಧಾರಾಳವಾದ ಉಸುಕು ಬೇಕು, ಅದನ್ನು ನೂಕುವಷ್ಟು ಇಳಿಜಾರು ಬೇಕು, ಒಮ್ಮೆ ಉಕ್ಕಿ ಒಮ್ಮೆ ಇಳಿಯುವ ಚಂಚಲವಾದ ನೀರು ಬೇಕು, ಕೊರೆದರೆ ಕುಸಿಯುವ ಸಡಿಲ ದಂಡೆ ಬೇಕು. ಅಮೆರಿಕದ ಲಿಯೊಪೋಲ್ಡ್ ಮತ್ತು ವೋಲ್ಮನ್ ಎಂಬ ಇಬ್ಬರು ಶಾಸ್ತ್ರಜ್ಞರು ೧೯೫೭ರಲ್ಲಿ ಪ್ರಕಟಿಸಿದ ಪ್ರಬಂಧವು ಈ ವಿಷಯದಲ್ಲಿ ಇಂದಿಗೂ ತಳಹದಿಯಾಗಿದೆ. ಹೆಣೆದ ನದಿಯೆಂದರೆ ಕೆಟ್ಟುಹೋದ ನದಿಯಲ್ಲ, ತನಗೆ ಬಂದ ಹೊರೆಗೂ ಇಳಿಜಾರಿಗೂ ತಕ್ಕ ರೂಪವನ್ನು ತಾಳಿದ ನದಿ ಎಂಬುದು ಅವರು ತೋರಿಸಿಕೊಟ್ಟ ಸಂಗತಿ. ಈ ಮಾತನ್ನು ಮನಸ್ಸಿನಲ್ಲಿಟ್ಟುಕೊಂಡು ಮುಂದಿನದನ್ನು ಓದಬೇಕು.

ನಮ್ಮ ದೇಶದಲ್ಲಿ ಈ ಜಾತಿಯ ನದಿಗಳ ತವರುಮನೆ ಹಿಮಾಲಯದ ಬುಡ. ಆ ಪರ್ವತಗಳು ವಯಸ್ಸಿನಲ್ಲಿ ಕಿರಿಯವು, ಇನ್ನೂ ಏಳುತ್ತಿರುವಂಥವು, ಒಡೆದು ಉರುಳುವ ಕಲ್ಲುಮಣ್ಣಿನ ರಾಶಿಗಳು. ಅಸ್ಸಾಮದಲ್ಲಿ ಬ್ರಹ್ಮಪುತ್ರವು ಕೆಲವೆಡೆ ೧೫ ಕಿಲೋಮೀಟರಿಗಿಂತಲೂ ಅಗಲವಾಗಿ ಹರಡುವದು. ಗುವಾಹಾಟಿಯ ಬಳಿಯಲ್ಲಿ ಮಾತ್ರ ಎರಡು ಕಡೆಯ ಬಂಡೆಗಳ ನಡುವೆ ಸುಮಾರು ೧.೨ ಕಿಲೋಮೀಟರಿಗೆ ಸಂಕುಚಿತವಾಗಿ, ಹೆರಳಿಗೆ ರಿಬ್ಬನ್ನು ಕಟ್ಟಿದ ಹಾಗೆ ಕಾಣುವದು. ೧೯೫೦ನೆಯ ಇಸವಿ ಆಗಸ್ಟ್ ೧೫ರಂದು ಅಲ್ಲಿ ಸಂಭವಿಸಿದ ಭಯಂಕರ ಭೂಕಂಪದಲ್ಲಿ ಬೆಟ್ಟಗಳು ಜರಿದು, ಅಪಾರವಾದ ಕಲ್ಲುಮಣ್ಣು ನದಿಗೆ ಬಿದ್ದು, ಮೇಲಣ ಅಸ್ಸಾಮದಲ್ಲಿ ನದಿಯ ತಳವೇ ಎತ್ತರವಾಯಿತು. ಇಂದಿಗೂ ಆ ಹೊರೆಯನ್ನು ನದಿಯು ಕೆಳಗೆ ಸಾಗಿಸುತ್ತಲೇ ಇದೆ. ಮಾಜುಲಿಯೆಂಬ ಪ್ರಸಿದ್ಧ ನಡುಗಡ್ಡೆಯು ನೂರು ವರ್ಷಗಳ ಹಿಂದೆ ಇದ್ದುದರಲ್ಲಿ ಅರ್ಧವೂ ಈಗ ಉಳಿದಿಲ್ಲ.

ಬಿಹಾರದ ಕೋಸಿಯ ಕಥೆ ಇನ್ನೂ ವಿಲಕ್ಷಣವಾದದ್ದು. ನೇಪಾಳದ ಬೆಟ್ಟಗಳಿಂದ ಬಯಲಿಗೆ ಇಳಿಯುವ ಈ ನದಿಯು ಸುಮಾರು ಇನ್ನೂರೈವತ್ತು ವರ್ಷಗಳಲ್ಲಿ ನೂರು ಕಿಲೋಮೀಟರಿಗೂ ಹೆಚ್ಚು ದೂರ ಪಶ್ಚಿಮಕ್ಕೆ ಸರಿಯಿತು. ಮನುಷ್ಯರು ಎರಡೂ ಬದಿಗೆ ಒಡ್ಡು ಹಾಕಿ, ಇನ್ನು ಮುಂದೆ ಇಲ್ಲಿಯೇ ಹರಿಯಬೇಕೆಂದು ಅದಕ್ಕೆ ಗೆರೆ ಎಳೆದರು. ನದಿಯು ತಂದ ಉಸುಕು ಒಡ್ಡುಗಳ ನಡುವೆಯೇ ತುಂಬುತ್ತ ಬಂದು, ಹೊರಗಣ ನೆಲಕ್ಕಿಂತ ತಳವೇ ಮೇಲಾಯಿತು. ೨೦೦೮ರ ಆಗಸ್ಟ್ ೧೮ರಂದು ನೇಪಾಳದ ಕುಸಹಾ ಎಂಬಲ್ಲಿ ಒಡ್ಡು ಒಡೆದಾಗ, ಕೋಸಿಯು ಪೂರ್ವಕ್ಕೆ ಹೊರಳಿ ತಾನು ಎಂದೋ ಬಿಟ್ಟುಬಂದಿದ್ದ ಹಳೆಯ ದಾರಿಗಳನ್ನು ಹಿಡಿಯಿತು. ಬಿಹಾರದಲ್ಲಿ ಮೂವತ್ತು ಲಕ್ಷಕ್ಕೂ ಹೆಚ್ಚು ಜನರು ಅದರಿಂದ ಸಂಕಟಕ್ಕೆ ಒಳಗಾದರು. ಆ ವರ್ಷ ಅಷ್ಟೊಂದು ಅಸಾಧಾರಣವಾದ ನೀರೂ ಬಂದಿರಲಿಲ್ಲವೆಂಬುದು ಗಮನಿಸತಕ್ಕ ಮಾತು.

ಈಗ ನಮ್ಮ ಹುಡುಗಿಯರ ಪ್ರಶ್ನೆಗೆ ಬರೋಣ. ನಮ್ಮ ಕಡೆ ಎಲ್ಲಿದೆ?

ಧಾರವಾಡ ಹುಬ್ಬಳ್ಳಿಗಳು ಕುಳಿತಿರುವ ಸ್ಥಳವೇ ವಿಶೇಷವಾದುದು. ಹೆರಳಿನ ಹೋಲಿಕೆಯನ್ನೇ ಮುಂದುವರಿಸಿ ಹೇಳುವದಾದರೆ, ನಾವು ನಾಡಿನ ಬೈತಲೆಯ ಮೇಲೆ ಕುಳಿತಿರುವೆವು. ಧಾರವಾಡದ ದಕ್ಷಿಣಕ್ಕೆ ಸೋಮೇಶ್ವರ ದೇವಸ್ಥಾನದ ಬಳಿ ಹುಟ್ಟುವ ಶಾಲ್ಮಲೆಯು ಬೇಡ್ತಿಯಾಗಿ, ಮಾಗೋಡಿನಲ್ಲಿ ಜಲಪಾತವಾಗಿ ಧುಮುಕಿ, ಗಂಗಾವಳಿಯೆಂಬ ಹೆಸರಿನಿಂದ ಅರಬ್ಬೀ ಸಮುದ್ರವನ್ನು ಸೇರುವದು. (ಶಿರಸಿಯ ಸಹಸ್ರಲಿಂಗದ ಶಾಲ್ಮಲೆ ಬೇರೆ, ಪರೀಕ್ಷೆಯಲ್ಲಿ ಇವೆರಡನ್ನು ಕಲಸಿ ಬರೆಯುವವರು ಪ್ರತಿವರ್ಷವೂ ಇರುವರು.) ಬೈತಲೆಯ ಮೂಡಣ ಬದಿಗೆ ಬಿದ್ದ ಮಳೆಯು ತುಪ್ಪರಿಹಳ್ಳ, ಬೆಣ್ಣಿಹಳ್ಳಗಳ ಮೂಲಕ ಮಲಪ್ರಭೆಗೂ, ಕೂಡಲಸಂಗಮದಲ್ಲಿ ಕೃಷ್ಣೆಗೂ ಕೂಡಿ ಬಂಗಾಳದ ಉಪಸಾಗರಕ್ಕೆ ಹೋಗುವದು. ಬೇಲೂರಿನ ಎತ್ತರದ ನೆಲವು ಈ ಬೈತಲೆಯ ನೆರೆಯಲ್ಲಿಯೇ ಇರುವದು. ಇಷ್ಟು ಮೇಲೆ, ನದಿಗಳ ಮೊದಲ ಹನಿಗಳಲ್ಲಿ ವಾಸಿಸುವವರಿಗೆ ದೊಡ್ಡ ನದಿಯೊಂದನ್ನು ಊರ ಮುಂದೆ ನೋಡುವ ಭಾಗ್ಯವಿಲ್ಲ. ಆದರೆ ಕೆಳಗಿನವರಿಗೆ ಏನು ಹೋಗುವದೋ ಅದು ಹೊರಡುವದು ನಮ್ಮಿಂದ.

ಹಾಗಾದರೆ ಬೆಣ್ಣಿಹಳ್ಳವಾದರೂ ಹೆರಳು ಹಾಕಿಕೊಳ್ಳುವದೇ? ಯಮನೂರಿನ ಜಾತ್ರೆಗೆ ಹೋದವರು ಅದನ್ನು ನೋಡಿರಬಹುದು. ಅಲ್ಲಿ ದಿಬ್ಬಗಳ ನಡುವೆ ಹರಡಿ ಹರಿಯುವ ಹೊಳೆ ಇಲ್ಲ; ಎರೆಯ ನೆಲದಲ್ಲಿ ಆಳವಾಗಿ ಕೊರೆದುಕೊಂಡ, ಡೊಂಕುಡೊಂಕಾದ, ಇಕ್ಕಟ್ಟಾದ ಕಂದಕದಂಥ ಪಾತ್ರವಿದೆ. ಕಾರಣವು ಎರೆಯ ಗುಣದಲ್ಲಿಯೇ ಇದೆ. ನವಲಗುಂದದ ಕಡೆಯಿಂದ ಮಳೆಗಾಲದಲ್ಲಿ ಕಾಲಿಗೆ ಅಂಟಿಕೊಂಡು ಬರುವ ಎರೆಯನ್ನು ತೊಳೆದುಕೊಂಡವರಿಗೆ ಅದು ಹೇಗೆ ಹಿಡಿದುಕೊಳ್ಳುವದೆಂದು ಹೇಳಬೇಕಾಗಿಲ್ಲ. ಅದರ ಕಣಗಳು ಅತ್ಯಂತ ನುಣ್ಣಗೆ. ಒಂದಕ್ಕೊಂದು ಬಿಗಿಯಾಗಿ ಅಂಟಿರುವವು. ಒಮ್ಮೆ ಬಿಟ್ಟವೆಂದರೆ ತಳದಲ್ಲಿ ಉರುಳದೆ ನೀರಿನಲ್ಲಿ ಕದಡಿ ಹೋಗಿಬಿಡುವವು. ದಿಬ್ಬ ಕಟ್ಟಲು ಸಾಮಗ್ರಿಯೇ ಇಲ್ಲದ ಮೇಲೆ ನದಿಯು ಹೆರಳು ಹಾಕುವದು ಹೇಗೆ? ಇಕ್ಕಟ್ಟಾದ ಪಾತ್ರದಲ್ಲಿ ಹಿಡಿಸಲಾರದ ನೀರು ಒಮ್ಮೆಲೆ ಹೊರಚೆಲ್ಲಿ ಹೊಲಗಳ ಮೇಲೆ ಹಾಳೆಯಾಗಿ ಹರಡುವದು. ಶಿಗ್ಗಾವಿಯ ಕಡೆಯಲ್ಲಿ ಹುಟ್ಟಿ ಉತ್ತರಕ್ಕೆ ಹರಿಯುವ ಈ ಹಳ್ಳವು ನವಿಲುತೀರ್ಥದ ಆಣೆಕಟ್ಟಿನ ಕೆಳಗೆ ಮಲಪ್ರಭೆಯನ್ನು ಸೇರುವದರಿಂದ ಆ ಆಣೆಕಟ್ಟಿಗೂ ಇದರ ಪೂರವನ್ನು ತಡೆಯುವ ಉಪಾಯವಿಲ್ಲ.

ಹಂಪೆಯ ತುಂಗಭದ್ರೆ, ಶ್ರೀರಂಗಪಟ್ಟಣದ ಮತ್ತು ಶಿವನಸಮುದ್ರದ ಕಾವೇರಿ, ರಾಯಚೂರಿನ ಗಡ್ಡೆಗಳ ನಡುವಣ ಕೃಷ್ಣೆ, ಇವುಗಳನ್ನು ನೋಡಿ ಬಂದವರು ಅಲ್ಲಿ ನದಿ ಕವಲೊಡೆದು ಕೂಡುವದಲ್ಲವೇ ಎಂದು ಕೇಳುವರು. ಕೇಳುವದು ಯೋಗ್ಯವೇ. ಆದರೆ ಅಲ್ಲಿ ನದಿಯನ್ನು ಒಡೆದದ್ದು ನದಿಯೇ ತಂದು ಹಾಕಿದ ಉಸುಕಲ್ಲ, ನೆಲದಲ್ಲಿ ಮೊದಲೇ ಇದ್ದ ಬಂಡೆ. ನೀರು ಬಂಡೆಯ ಬಿರುಕುಗಳನ್ನು ಹುಡುಕಿಕೊಂಡು ಹೋಗಿದೆ. ಆ ನಡುಗಡ್ಡೆಗಳು ಶತಮಾನಗಳಿಂದ ಇದ್ದಲ್ಲಿಯೇ ಇರುವವು. ಅವುಗಳ ಮೇಲೆ ಮರಗಳಿರುವವು, ಗುಡಿಗಳಿರುವವು, ಶ್ರೀರಂಗಪಟ್ಟಣದಲ್ಲಿ ರಾಜಧಾನಿಯೇ ಇದ್ದಿತು. ಹೆಣೆದ ನದಿಯ ದಿಬ್ಬದ ಮೇಲೆ ಯಾರೂ ರಾಜಧಾನಿ ಕಟ್ಟಲಾರರು.

ಹೀಗೆ ಹುಡುಕುತ್ತ ಹೋದರೆ ನಮ್ಮ ಸೀಮೆಯ ನಿಜವಾದ ಹೆಣೆದ ನದಿಯು ದೊರೆಯುವದು ಯಾರೂ ನೆನಸದ ಸ್ಥಳದಲ್ಲಿ. ನಮ್ಮ ಶಾಲೆಯ ಪ್ರತಿಯೊಂದು ತರಗತಿಯೂ ಒಮ್ಮೆಯಾದರೂ ಪ್ರವಾಸಕ್ಕೆ ಹೋಗಿ ಬಂದ ಬಾದಾಮಿಯಲ್ಲಿ ಅದು ಇದೆ. ಆದರೆ ಕಲ್ಲಾಗಿ ಇದೆ.

ಬಾದಾಮಿಯ ಗುಹೆಗಳಲ್ಲಿ ನಾವು ನಟರಾಜನನ್ನು ನೋಡುತ್ತೇವೆ, ವರಾಹನನ್ನು ನೋಡುತ್ತೇವೆ, ಮೂರನೆಯ ಗುಹೆಯಲ್ಲಿ ಮಂಗಲೇಶನ, ಕ್ರಿ. ಶ. ೫೭೮ರ ಶಾಸನವಿದೆಯೆಂದು ಟಿಪ್ಪಣಿ ಬರೆದುಕೊಳ್ಳುತ್ತೇವೆ. ಶಿಲ್ಪಿಯು ಉಳಿ ಮುಟ್ಟಿಸದೆ ಬಿಟ್ಟ ಕಲ್ಲನ್ನು ಯಾರೂ ನೋಡುವದಿಲ್ಲ. ಮುಂದಿನ ಸಲ ಹೋದವರು ಕಂಬದ ಮೈಯನ್ನೂ ಮೆಟ್ಟಲಿನ ಬದಿಯ ಬಂಡೆಯನ್ನೂ ನಿಂತು ನೋಡಬೇಕು. ಕೆಂಪಿನಲ್ಲಿ ಬಿಳಿ, ನಸುಹಳದಿ, ನೇರಿಳೆ ಗೆರೆಗಳು ಇಳಕಲ್ಲ ಸೀರೆಯ ಪಟ್ಟಿಯಂತೆ ಎದ್ದು ಕಾಣುವವು. ಈ ಗೆರೆಗಳೆಲ್ಲ ಸಮತಲವಾಗಿಲ್ಲ. ಒಂದು ಪದರಿನಲ್ಲಿ ಗೆರೆಗಳೆಲ್ಲ ಒಂದು ಕಡೆಗೆ ಓರೆಯಾಗಿ ಇಳಿಯುತ್ತಿರುವವು. ಅದರ ಮೇಲಣ ಪದರು ಅವುಗಳನ್ನು ಚಾಕುವಿನಿಂದ ಕತ್ತರಿಸಿದಂತೆ ಕತ್ತರಿಸಿ, ತನ್ನ ಗೆರೆಗಳನ್ನು ಮತ್ತೊಂದು ಓರೆಯಲ್ಲಿ ಇಟ್ಟಿರುವದು.

ಓರೆಗೆರೆಯ ಅರ್ಥ ಹೀಗಿದೆ. ನದಿಯ ತಳದಲ್ಲಿ ಉಸುಕಿನ ದಿಬ್ಬವು ಮುಂದಕ್ಕೆ ಸಾಗುವಾಗ, ಕಣಗಳು ದಿಬ್ಬದ ಬೆನ್ನೇರಿ ಬಂದು ಮುಂದಿನ ಇಳಿಜಾರಿನಲ್ಲಿ ಜಾರಿ ಬೀಳುವವು. ಬಿದ್ದ ಪ್ರತಿಯೊಂದು ಪದರೂ ಒಂದು ಓರೆಗೆರೆ. ಗೆರೆ ಯಾವ ಕಡೆಗೆ ಇಳಿಯುವದೋ ನೀರು ಆ ಕಡೆಗೆ ಹರಿಯುತ್ತಿತ್ತು. ಮೇಲಿನ ಪದರು ಕೆಳಗಿನದನ್ನು ಕತ್ತರಿಸಿದ್ದೆಂದರೆ ಹೊಸ ಎಳೆಯೊಂದು ಹಳೆಯ ದಿಬ್ಬವನ್ನು ಕೊರೆದು ತನ್ನ ದಿಬ್ಬವನ್ನು ಅದರ ಮೇಲೆ ಹಾಕಿತೆಂದು ತಿಳಿಯಬೇಕು. ಭೂಗರ್ಭಶಾಸ್ತ್ರಜ್ಞರು ಈ ಓರೆಗಳನ್ನೂ ಪದರುಗಳ ಕ್ರಮವನ್ನೂ ಕಣಗಳ ಗಾತ್ರವನ್ನೂ ಪರಿಶೀಲಿಸಿ, ಗುಹಾದೇವಾಲಯಗಳನ್ನು ಕಡೆದ ಈ ಉಸುಕುಗಲ್ಲು ಹೆಣೆದ ನದಿಗಳು ಹಾಸಿಹೋದ ಉಸುಕಿನಿಂದ ಆದುದೆಂದು ನಿರ್ಣಯಿಸಿರುವರು. ಅದು ಹಾಸಿದ ಕಾಲವನ್ನು ಕೋಟಿಗಟ್ಟಲೆ ವರ್ಷಗಳಿಂದ ಎಣಿಸಬೇಕು. ನೆಲದ ಮೇಲೆ ಹುಲ್ಲಾಗಲಿ ಗಿಡವಾಗಲಿ ಹುಟ್ಟುವದಕ್ಕಿಂತ ಬಹಳ ಮೊದಲು.

ಈ ಕಡೆಯ ಮಾತು ಅಲಂಕಾರಕ್ಕೆ ಹೇಳಿದ್ದಲ್ಲ. ಇಡೀ ವಿಷಯದ ಕೀಲು ಅದರಲ್ಲಿದೆ. ಹುಲ್ಲಿಲ್ಲದ ಭೂಮಿಯಲ್ಲಿ ದಂಡೆಯನ್ನು ಹಿಡಿಯುವ ಬೇರಿಲ್ಲ. ಮಳೆ ಬಿದ್ದಷ್ಟೂ ತಡೆಯಿಲ್ಲದೆ ಹರಿದು ಬರುವದು. ಉಸುಕೂ ತಡೆಯಿಲ್ಲದೆ ಬರುವದು. ಆದುದರಿಂದಲೇ ಆ ಪ್ರಾಚೀನ ಕಾಲದ ನದಿಗಳಲ್ಲಿ ಬಹುಪಾಲು ಹೆಣೆದ ನದಿಗಳೇ ಆಗಿದ್ದವೆಂದು ಕಲ್ಲುಗಳ ಸಾಕ್ಷಿಯಿಂದ ತಿಳಿಯುವದು. ಬೇರುಗಳುಳ್ಳ ಗಿಡಗಳು ನೆಲವನ್ನು ಆವರಿಸಿದ ಮೇಲೆ ಒಂದೇ ಪಾತ್ರದಲ್ಲಿ ಡೊಂಕಾಗಿ ಹರಿಯುವ ನದಿಗಳ ಗುರುತುಗಳು ಕಲ್ಲಿನಲ್ಲಿ ಹೆಚ್ಚಾಗಿ ಕಾಣಬರುವವು. ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದ ಪ್ರಯೋಗಶಾಲೆಯಲ್ಲಿ ಉಸುಕಿನ ತೊಟ್ಟಿಯೊಳಗೆ ಒಂದು ಹೆಣೆದ ನದಿಯನ್ನು ಹರಿಸಿ, ಅದರ ಮೇಲೆ ಲೂಸರ್ನ್ ಹುಲ್ಲಿನ, ಅಂದರೆ ನಮ್ಮ ಒಕ್ಕಲಿಗರು ದನಕ್ಕೆ ಬೆಳೆಯುವ ಕುದುರೆಮಸಾಲೆಯ ಬೀಜವನ್ನು ಬಿತ್ತಿದರು. ಸಸಿಗಳು ಬೇರೂರಿದಂತೆ ಎಳೆಗಳು ಮುಚ್ಚುತ್ತ ಬಂದು ಕಡೆಗೆ ಒಂದೇ ಎಳೆ ಉಳಿಯಿತು. ಈ ಫಲಿತಾಂಶವು ೨೦೦೭ರಲ್ಲಿ ಪ್ರಕಟವಾಯಿತು.

ನಮ್ಮ ವಿಜ್ಞಾನದ ಕೋಣೆಯಲ್ಲಿ ಲೂಸರ್ನೂ ಇಲ್ಲ, ಅಂಥ ತೊಟ್ಟಿಯೂ ಇಲ್ಲ. ಆದರೂ ಎರಡು ತಗಡಿನ ಹರಿವಾಣಗಳಲ್ಲಿ ಉಸುಕು ತುಂಬಿ, ಒಂದರಲ್ಲಿ ಮಾತ್ರ ಸಾಸಿವೆ ಬಿತ್ತಿ, ಹತ್ತು ದಿನ ಕಾದು, ಎರಡನ್ನೂ ಓರೆಯಾಗಿಟ್ಟು ತಂಬಿಗೆಯಿಂದ ಸಣ್ಣಗೆ ನೀರು ಬಿಟ್ಟೆವು. ಬರಿಯ ಉಸುಕಿನಲ್ಲಿ ನಾಲ್ಕೈದು ನಿಮಿಷಗಳಲ್ಲಿ ಹೆರಳು ಬಿದ್ದಿತು. ಸಾಸಿವೆಯ ಹರಿವಾಣದಲ್ಲಿ ನೀರು ಬಹಳ ಹೊತ್ತು ತಡೆದು ನಿಂತು, ಒಂದು ಬದಿಗೆ ಒಂದೇ ದಾರಿ ಮಾಡಿಕೊಂಡು ಹೋಯಿತು. ಮನೆಯಲ್ಲಿ ಮಕ್ಕಳಿರುವ ತಾಯಂದಿರು ಇದನ್ನು ಮಾಡಿಸಿ ನೋಡಬಹುದು; ಖರ್ಚು ಒಂದು ಹಿಡಿ ಸಾಸಿವೆ.

ಹಾಗಾದರೆ ಹೆಣೆದ ನದಿಯು ಬರಿಯ ಉಪದ್ರವವೆಂದು ಯಾರಾದರೂ ತಿಳಿದಾರು. ಅದೂ ಸರಿಯಲ್ಲ. ಗಿಡಮರವಿಲ್ಲದ ಆ ಬೋಳು ದಿಬ್ಬವೇ ಕೆಲವು ಜೀವಗಳಿಗೆ ಬೇಕಾದ ಮನೆ. ನ್ಯೂಜಿಲೆಂಡಿನ ಹೆಣೆದ ನದಿಗಳಲ್ಲಿ ರೈಬಿಲ್ ಎಂಬ ಸಣ್ಣ ಹಕ್ಕಿಯುಂಟು. ಜಗತ್ತಿನ ಸಮಸ್ತ ಪಕ್ಷಿಗಳಲ್ಲಿ ಕೊಕ್ಕು ಬಲಗಡೆಗೆ ಬಾಗಿರುವದು ಇದರದೇ. ಹರಳುಗಳ ಅಡಿಯಿಂದ ಹುಳು ತೆಗೆಯಲು ಅದಕ್ಕೆ ಈ ಡೊಂಕು ಕೊಕ್ಕು ಬಹಳ ಅನುಕೂಲ. ಬೂದಿಬಣ್ಣದ ಹರಳುಗಳ ನಡುವೆ ಬೂದಿಬಣ್ಣದ ಮೊಟ್ಟೆ ಇಡುವದು. ನಮ್ಮಲ್ಲಿಯೂ ನದಿರೀವವೆಂಬ ಹಕ್ಕಿ ಬೇಸಗೆಯಲ್ಲಿ ನೀರು ಇಳಿದಾಗ ಎದ್ದ ಉಸುಕುದಿಬ್ಬದ ಮೇಲೆ, ಗೂಡಿನ ಗೊಡವೆಯಿಲ್ಲದೆ, ಬರಿಯ ತಗ್ಗಿನಲ್ಲಿ ಮೊಟ್ಟೆಯಿಡುವದು. ಸುತ್ತಲೂ ನೀರು ಇರುವದರಿಂದ ನಾಯಿನರಿಗಳು ಅಲ್ಲಿಗೆ ಬರುವದು ಕಷ್ಟ. ಆಮೆಗಳಿಗೂ ಮೊಟ್ಟೆ ಹೂಳಲು ಉಸುಕೇ ಬೇಕು. ಪ್ರತಿವರ್ಷದ ಪೂರವು ದಿಬ್ಬದ ಮೇಲಣ ಕಳೆಯನ್ನು ತೊಳೆದುಹಾಕದಿದ್ದರೆ ಇವುಗಳಿಗೆ ಮನೆ ಇಲ್ಲ. ನಾವು ಹಾವಳಿ ಎನ್ನುವದು ಅವುಗಳಿಗೆ ಕಸಗುಡಿಸುವಿಕೆ.

ಮನುಷ್ಯರಿಗೂ ಉಸುಕಿನಿಂದ ಉಪಕಾರವುಂಟು. ಹಳ್ಳಿಯ ಮನೆಗಳಿಂದ ಬಂದ ನಮ್ಮ ಮಾಜಿ ವಿದ್ಯಾರ್ಥಿನಿಯರಲ್ಲಿ ವರ್ತಿಯ ನೀರು ತಂದವರು ಅನೇಕರಿರಬೇಕು. ಬೇಸಗೆಯಲ್ಲಿ ಹಳ್ಳದ ಮೇಲುನೀರು ಬತ್ತಿದ ಮೇಲೆ ಉಸುಕಿನಲ್ಲಿ ತಗ್ಗು ತೋಡಿ, ಸ್ವಲ್ಪ ಹೊತ್ತು ಕಾದು, ಒಸರಿದ ತಿಳಿನೀರನ್ನು ಬಟ್ಟಲಿನಿಂದ ಗೋರಿ ಕೊಡಕ್ಕೆ ತುಂಬುವದು ಹೆಂಗಸರ ಕೆಲಸವಾಗಿತ್ತು. ಉಸುಕಿನ ಕಣಗಳ ನಡುವಣ ತೆರವಿನಲ್ಲಿ ನೀರು ಅಡಗಿ ಕುಳಿತಿರುವದು. ಬಿಸಿಲು ಅದನ್ನು ಬೇಗನೆ ಕುಡಿಯಲಾರದು. ಕಣಗಳ ನಡುವೆ ಸೋಸಿ ಬರುವದರಿಂದ ತಿಳಿಯಾಗುವದು. ಹೆಣೆದ ನದಿಯ ದೊಡ್ಡ ಉಪಯೋಗವೂ ಇದೇ. ಮೇಲೆ ನಾಲ್ಕು ಎಳೆಗಳು ಕಾಣುತ್ತಿದ್ದರೆ, ಅವುಗಳ ಕೆಳಗೆ ಉಸುಕಿನೊಳಗೆ ಕಣ್ಣಿಗೆ ಕಾಣದ ಐದನೆಯ ಎಳೆಯೊಂದು ಮೆಲ್ಲಗೆ ಹರಿಯುತ್ತಿರುವದು. ದಂಡೆಯ ಬಾವಿಗಳಿಗೆ ನೀರು ಕೊಡುವದು ಅದು.

ಇಲ್ಲಿಯೇ ನಾವು ಸ್ವಲ್ಪ ನಿಷ್ಠುರವಾಗಿ ಮಾತಾಡಬೇಕಾಗಿದೆ. ಹಳ್ಳದ ಉಸುಕು ಯಾರದೂ ಅಲ್ಲದ ಬಿಟ್ಟಿ ಪದಾರ್ಥವೆಂದು ಎಣಿಸಿ ಲಾರಿಗಟ್ಟಲೆ ಎತ್ತಿದ ಸ್ಥಳಗಳಲ್ಲಿ ವರ್ತಿಗಳು ಬತ್ತಿದವು. ಬಾವಿಗಳು ಅವುಗಳ ಹಿಂದೆಯೇ ಬತ್ತಿದವು. ನಮ್ಮ ಮನೆಗಳೂ ಬೇಲೂರಿನ ಕಾರಖಾನೆಗಳೂ ಈ ಶಾಲೆಯ ಗೋಡೆಗಳೂ ಉಸುಕಿನಿಂದಲೇ ಎದ್ದಿರುವದರಿಂದ ಇದರಲ್ಲಿ ಬೇರೆಯವರನ್ನು ಮಾತ್ರ ದೂರುವಂತಿಲ್ಲ. ಈಚೆಗೆ ಕಲ್ಲನ್ನು ಯಂತ್ರದಲ್ಲಿ ಪುಡಿಮಾಡಿದ ಎಂ-ಸ್ಯಾಂಡ್ ಬಳಕೆಗೆ ಬಂದಿರುವದು ಒಳ್ಳೆಯದೇ; ಗುಡ್ಡಗಳು ಅದಕ್ಕೆ ಏನೆನ್ನುವವೋ ಎಂಬುದು ಬೇರೆ ಲೇಖನದ ವಿಷಯ.

ಆಣೆಕಟ್ಟುಗಳ ಕಥೆಯನ್ನೂ ಹೇಳಬೇಕು. ಹುಬ್ಬಳ್ಳಿ ಧಾರವಾಡದವರು ಕುಡಿಯುವದು ಮಲಪ್ರಭೆಯ ನೀರನ್ನು. ಸವದತ್ತಿಯ ಬಳಿಯ ನವಿಲುತೀರ್ಥದಲ್ಲಿ ನಿಂತ ರೇಣುಕಾಸಾಗರವೇ ನಮ್ಮ ನಳಗಳ ಮೂಲ. ಅದಿಲ್ಲದೆ ನಮಗೆ ನಡೆಯದು. ಆದರೆ ಕಟ್ಟೆಯ ಹಿಂದೆ ನೀರಿನ ಕೂಡ ಉಸುಕೂ ನಿಲ್ಲುವದು. ಹೊರೆ ಕಳಚಿ ಹೊರಬಿದ್ದ ನೀರು ಹಸಿದ ನೀರು. ಅದು ಕೆಳಗಣ ಪಾತ್ರವನ್ನೂ ದಂಡೆಯನ್ನೂ ತಿಂದು ಹೊರೆ ಸಂಪಾದಿಸಹೋಗುವದು. ಇನ್ನೊಂದು ಪರಿಣಾಮವು ಮನುಷ್ಯಸ್ವಭಾವಕ್ಕೆ ಸಂಬಂಧಿಸಿದ್ದು. ಮಳೆ ಕಡಿಮೆಯಾದ ವರ್ಷಗಳಲ್ಲಿ ಆಣೆಕಟ್ಟಿನ ಕೆಳಗೆ ನೀರು ಸಣ್ಣ ಎಳೆಯಾಗಿ ಹರಿಯುವದು. ಉಳಿದ ಪಾತ್ರ ಒಣಗಿ ಬಿದ್ದಿರುವದು. ನಾಲ್ಕು ವರ್ಷ ಒಣಗಿ ಬಿದ್ದ ನೆಲವು ಐದನೆಯ ವರ್ಷ ಹೊಲವಾಗುವದು, ಆರನೆಯ ವರ್ಷ ಅದಕ್ಕೆ ಬೇಲಿ ಬೀಳುವದು. ಹೀಗೆ ಮಲಪ್ರಭೆಯ ಪಾತ್ರವು ಕೆಳಭಾಗದಲ್ಲಿ ಕಿರಿದಾಗುತ್ತ ಬಂದಿತು. ೨೦೦೯ರ ಸಪ್ಟಂಬರದ ಕೊನೆಯ ದಿನಗಳ ಮಹಾಪೂರವು ಒಂದು ಎಚ್ಚರಿಕೆಯಾಗಿತ್ತು. ೨೦೧೯ರ ಆಗಸ್ಟಿನಲ್ಲಿ ರೇಣುಕಾಸಾಗರ ತುಂಬಿ ನೀರನ್ನು ಬಿಡಲೇಬೇಕಾಗಿ ಬಂದಾಗ, ನರಗುಂದ ತಾಲೂಕಿನ ಕೊಣ್ಣೂರು ನೀರಿನಲ್ಲಿ ನಿಂತಿತು. ಪಟ್ಟದಕಲ್ಲಿನ ಗುಡಿಗಳ ಅಂಗಳಕ್ಕೆ ಹೊಳೆ ಬಂದಿತು. ಆ ವಾರ ನಮ್ಮ ಮಾಜಿ ವಿದ್ಯಾರ್ಥಿನಿಯರಲ್ಲಿ ಕೆಲವರು ಮಕ್ಕಳನ್ನೂ ದನಗಳನ್ನೂ ಕಟ್ಟಿಕೊಂಡು ಶಾಲೆಯ ಕೋಣೆಗಳಲ್ಲಿ ರಾತ್ರಿ ಕಳೆದರೆಂಬುದನ್ನು ನಾವು ಅವರ ಬಾಯಿಂದಲೇ ಕೇಳಿದ್ದೇವೆ.

ಕೋಸಿಗೂ ಮಲಪ್ರಭೆಗೂ ಗಾತ್ರದಲ್ಲಿಯೂ ಸ್ವಭಾವದಲ್ಲಿಯೂ ಬಹಳ ಅಂತರ. ಒಂದು ಹೆರಳಿನ ನದಿ, ಇನ್ನೊಂದು ಹಾಗಲ್ಲ. ಆದರೆ ಅಗಲದ ವಿಷಯದಲ್ಲಿ ಇಬ್ಬರ ನ್ಯಾಯವೂ ಒಂದೇ. ನದಿಯ ಅಗಲವನ್ನು ಅಳೆಯತಕ್ಕದ್ದು ಮಾರ್ಚ ತಿಂಗಳಿನಲ್ಲಿ ನೀರು ಎಲ್ಲಿದೆ ಎಂಬುದರಿಂದಲ್ಲ. ಉಸುಕು ಎಲ್ಲಿಯ ತನಕ ಇದೆ ಎಂಬುದರಿಂದ. ಹೊಲ ಕೊಳ್ಳುವವರೂ ನಿವೇಶನ ಕೊಳ್ಳುವವರೂ ಒಂದು ಗುದ್ದಲಿ ತೆಗೆದುಕೊಂಡು ಹೋಗಿ ಎರಡು ಮೊಳ ತೋಡಿ ನೋಡಲಿ. ಕೆಳಗೆ ದುಂಡಾದ ಹರಳೂ ತೊಳೆದಂಥ ಉಸುಕೂ ಸಿಕ್ಕರೆ, ಆ ನೆಲಕ್ಕೆ ಕಾಗದಪತ್ರದಲ್ಲಿ ಯಾರ ಹೆಸರಿದ್ದರೂ ಒಂದಾನೊಂದು ಕಾಲಕ್ಕೆ ಹೊಳೆ ಅಲ್ಲಿ 'ವಾಸವಾಗಿತ್ತು'. ಬೇಲೂರಿನಂಥ ಎತ್ತರದ ಸ್ಥಳದಲ್ಲಿಯೂ ಇದು ಅನ್ವಯಿಸುವದು. ತಗಡಿನ ಮಾಡುಗಳೂ ಸಿಮೆಂಟಿನ ಅಂಗಳಗಳೂ ಹೆಚ್ಚಿದಷ್ಟು ಮಳೆನೀರು ಇಂಗದೆ ಒಮ್ಮೆಲೆ ಹಳ್ಳಕ್ಕೆ ಇಳಿಯುವದು; ಬೈತಲೆಯ ಮೇಲಿನ ನಮ್ಮ ಅವಸರವು ಕೆಳಗಣ ಊರುಗಳಲ್ಲಿ ಪೂರವಾಗಿ ಕಾಣಿಸಿಕೊಳ್ಳುವದು.

ಈ ವರ್ಷದಿಂದ ನಮ್ಮ ಒಂಬತ್ತನೆಯ ಇಯತ್ತೆಯ ಹುಡುಗಿಯರು ಶಾಲೆಯ ಅಂಗಳದಲ್ಲಿ ಮಳೆ ಅಳೆದು ದಿನಾಲು ಒಂದು ವಹಿಯಲ್ಲಿ ಬರೆದಿಡುತ್ತಿರುವರು. ಈ ಕೆಲಸದಲ್ಲಿ ಮಾಜಿ ವಿದ್ಯಾರ್ಥಿನಿಯರ ಸಹಾಯ ಬೇಕಾಗಿದೆ. ತುಪ್ಪರಿಹಳ್ಳ, ಬೆಣ್ಣಿಹಳ್ಳ, ಮಲಪ್ರಭೆಗಳ ದಂಡೆಯ ಊರುಗಳಿಗೆ ಲಗ್ನವಾಗಿ ಹೋದವರೂ ಅಲ್ಲಿ ಶಿಕ್ಷಕಿಯರಾಗಿರುವವರೂ ದಯಮಾಡಿ ನಮಗೊಂದು ಕಾಗದ ಬರೆಯಬೇಕು. ಹಳ್ಳಕ್ಕೆ ನೀರು ಬಂದ ದಿನ ಮತ್ತು ಹೊತ್ತು, ನೀರು ಮುಟ್ಟಿದ ಎತ್ತರ (ಸೇತುವೆಯ ಕಂಬದ ಮೇಲಾಗಲಿ ಗುಡಿಯ ಮೆಟ್ಟಲಿನ ಮೇಲಾಗಲಿ ಗುರುತು ನೋಡಿದರೆ ಸಾಕು), ಇವುಗಳನ್ನು ತಿಳಿಸಬೇಕು. ಮನೆಯಲ್ಲಿ ಅತ್ತೆಯವರೋ ಅಜ್ಜಿಯರೋ ಇದ್ದರೆ ಅವರ ಕಾಲದಲ್ಲಿ ವರ್ತಿಯು ಎಷ್ಟು ಮೊಳಕ್ಕೆ ನೀರು ಕೊಡುತ್ತಿತ್ತು, ಈಗ ಎಷ್ಟಕ್ಕೆ ಕೊಡುವದು, ಅಥವಾ ಕೊಡುವದೇ ಇಲ್ಲವೋ, ಎಂಬುದನ್ನೂ ಕೇಳಿ ಬರೆಯಬೇಕು. ಕಾಗದಗಳನ್ನು ಶಾಲೆಯ ವಿಳಾಸಕ್ಕೆ, ಭೂಗೋಲದ ವಹಿಗೆಂದು ಮೇಲೆ ಬರೆದು, ದೀಪಾವಳಿಯ ಸೂಟಿಗೆ ಮೊದಲು ಕಳುಹಿಸಿದರೆ ಹುಡುಗಿಯರು ಅವುಗಳನ್ನು ನಕಾಶೆಯ ಮೇಲೆ ಗುರುತಿಸುವರು.